ಮೂವರು ಪುಣ್ಣರು, ಒಬ್ಬಳು ಅವ್ವ

ನನ್ನ ಅವ್ವನಿಗೆ ಒಂದು ಹೆಸರಿತ್ತು. ಇಂಥದ್ದನ್ನೂ ಬರೆದು ಹೇಳಬೇಕಾಗಿ ಬಂತಲ್ಲ ಎಂಬುದಕ್ಕೇ ನನಗೆ ಮೊದಲ ಸಿಟ್ಟು. ಡೊಂಬಿವಲಿಯ ಒಂದು ಮನೆಯಲ್ಲಿ ಅವಳು ಆರು ವರ್ಷ ಪಾತ್ರೆ ತಿಕ್ಕಿದಳು, ನೆಲ ಒರೆಸಿದಳು, ಬಟ್ಟೆ ಒಗೆದಳು. ಆ ಆರೂ ವರ್ಷ ಆ ಮನೆಯವರು ಅವಳನ್ನು ಬೇರೆ ಯಾರದೋ ಹೆಸರಿನಿಂದ ಕರೆದರು.

ಆ ಸುಳ್ಳು ಹೆಸರನ್ನು ನಾನು ಬರೆಯುವುದಿಲ್ಲ, ನನ್ನ ಕೈ ಒಪ್ಪುವುದಿಲ್ಲ. ಅವ್ವನ ನಿಜವಾದ ಹೆಸರನ್ನೂ ಬರೆಯುವುದಿಲ್ಲ. ಅದು ಬೇಡವೆಂದು ಅವ್ವನೇ ಹೇಳಿದ್ದಾಳೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ನಾವು ವಿಜಾಪುರ ಕಡೆಯವರು. ತೊಂಬತ್ತರ ದಶಕದಲ್ಲಿ ಕಲ್ಯಾಣ ಪೂರ್ವದ ಒಂದು ಸಾಲುಮನೆ ಚಾಳಿನಲ್ಲಿ ಇದ್ದೆವು. ಅಪ್ಪ ರಬಾಳೆಯ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸಕ್ಕೆ ನಸುಕಿನಲ್ಲೇ ಹೋಗುತ್ತಿದ್ದ. ಅವ್ವ ಎರಡು ಸ್ಟೇಷನ್ ಆಚೆ ಡೊಂಬಿವಲಿಗೆ ಲೋಕಲ್ ಹಿಡಿದು ಹೋಗುತ್ತಿದ್ದಳು. ಅಲ್ಲಿ ನಮ್ಮ ಕಡೆಯವರದೇ ಒಂದು ಮನೆ ಸಿಕ್ಕಿತೆಂದು ಅವಳಿಗೆ ಎಷ್ಟು ಖುಷಿ! "ಮರಾಠಿ ತಡವರಸೂದು ತಪ್ಪಿತು. ಕನ್ನಡದಾಗಽ ಬೈಸಿಕೊಂಡ್ರೂ ತಿಳೀತೈತಿ" ಎಂದು ನಕ್ಕಿದ್ದಳು. ಮೊದಲ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ನನಗೆ ಆಗ ಒಂಬತ್ತು ವರ್ಷ.

ಬಾಗಿಲು ತೆರೆದದ್ದು ಮನೆಯ ಸೊಸೆ. ನಾವೆಲ್ಲ ಅವಳನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದೆವು. ಗಂಡ ಬ್ಯಾಂಕಿನಲ್ಲಿ ನೌಕರ, ಒಳಗಿನ ಕೋಣೆಯಲ್ಲಿ ವಯಸ್ಸಾದ ಅತ್ತೆ.

"ಹೆಸರೇನು ನಿಂದು?" ಎಂದು ವೈನಿ ಕೇಳಿದಳು. ಅವ್ವ ಹೇಳಿದಳು.

ವೈನಿ ನಾಲಿಗೆ ಕಚ್ಚಿಕೊಂಡಳು. ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ಅಯ್ಯ ದೇವರೇ! ಅದು ನಮ್ಮತ್ತೀಯವರ ಹೆಸರು. ನಾ ಹ್ಯಾಂಗ ಕರೀಲಿ ನಿನ್ನ? ಅತ್ತೀ ಹೆಸರು ಹಿಡದು ಭಾಂಡಿ ತಿಕ್ಕು ಬಾ ಅಂತ ಒದರಿದ್ರ ಛಂದ ಕಾಣ್ತದೇನು?"

"ಹಂಗಾರ ಬರೇ ಬಾಯಿ ಅನ್ರಿ ವೈನೀರ."

"ಬಾಯಿ ಅಂದ್ರ ಈ ಬಿಲ್ಡಿಂಗಿನ್ಯಾಗ ಹತ್ತು ಮಂದಿ ಕೆಲಸದವರು ತಿರುಗಿ ನೋಡ್ತಾರ. ಮೊದಲಿನಾಕಿನ ಹೆಸರು ನಮಗ ರೂಢಿ ಆಗೇದ. ಅದನ್ನಽ ಕರೀತೀವಿ, ಆತಿಲ್ಲೊ?"

ಸೊಸೆ ಅತ್ತೆಯ ಹೆಸರು ಹೇಳಬಾರದು ಎಂಬ ಪದ್ಧತಿ ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು, ಒಪ್ಪಿದೆ. ನನ್ನ ಅಜ್ಜಿಯ ಹೆಸರನ್ನು ಅವ್ವನೂ ಹೇಳುತ್ತಿರಲಿಲ್ಲ. ಆದರೆ ಆ ಪದ್ಧತಿಯ ಭಾರವನ್ನು ಪಾತ್ರೆ ತಿಕ್ಕಲು ಬಂದವಳ ತಲೆಯ ಮೇಲೆ ಹೇರುವುದು ಯಾವ ಸೀಮೆಯ ನ್ಯಾಯ? ಅದೂ ಹೊಸ ಹೆಸರೊಂದನ್ನು ಹುಡುಕುವಷ್ಟು ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಹಿಂದಿನವಳು ಬಿಟ್ಟುಹೋದ ಪೊರಕೆ, ಹಿಂದಿನವಳು ಬಿಟ್ಟುಹೋದ ಒರೆಸುವ ಬಟ್ಟೆ, ಹಿಂದಿನವಳು ಬಿಟ್ಟುಹೋದ ಹೆಸರು. ಮೂರನ್ನೂ ಒಟ್ಟಿಗೇ ಅವ್ವನ ಕೈಗೆ ಕೊಟ್ಟರು.

ವಾಪಸು ಬರುವಾಗ ಲೇಡೀಸ್ ಡಬ್ಬದಲ್ಲಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅವ್ವ ನನ್ನ ಗಲ್ಲ ಹಿಂಡಿದಳು. "ಕರದ್ರ ಕರೀಲಿ ಬಿಡು. ಕರದಾಗೊಮ್ಮೆ ಅದೇನು ಮೈಗೆ ಹತ್ಕೊಂತೈತಿ?"

ಹತ್ತಿಕೊಳ್ಳುವುದಿಲ್ಲ ಎಂದು ನಾನೂ ಬಹಳ ವರ್ಷ ನಂಬಿದ್ದೆ.

ನಮ್ಮ ಚಾಳಿನ ಹಿಂದೆ ತಗಡಿನ ಮಾಡಿನ ಒಂದು ಬುದ್ಧ ವಿಹಾರವಿತ್ತು. ಮಳೆಗಾಲದ ಮೂರು ತಿಂಗಳು, ಹಿಂದೆ ಭಿಕ್ಷುಗಳು ತಿರುಗಾಟ ನಿಲ್ಲಿಸಿ ಒಂದೇ ಕಡೆ ಉಳಿಯುತ್ತಿದ್ದ ಆ ವರ್ಷಾವಾಸದ ಕಾಲದಲ್ಲಿ, ಅಲ್ಲಿ ಮಕ್ಕಳಿಗೆ ಸಂಜೆ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದವರು ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಒಬ್ಬ ಮರಾಠಿ ಹಿರಿಯರು. ನಾವು ಅವರನ್ನು ಗುರೂಜಿ ಅನ್ನುತ್ತಿದ್ದೆವು. ನಾನು ಹತ್ತನೆಯ ಇಯತ್ತೆಯಲ್ಲಿದ್ದ ವರ್ಷ ಅವರು ಒಂದು ಹೊಸ ಆಟ ಹೂಡಿದರು. ಬುದ್ಧನ ಕಾಲದ ಒಂದೊಂದು ಹೆಸರನ್ನು ಒಬ್ಬೊಬ್ಬರಿಗೆ ಹಂಚಿದರು. ಆ ಹೆಸರಿನವರು ಎಷ್ಟು ಜನ ಇದ್ದರು, ಒಬ್ಬರಿಂದ ಒಬ್ಬರನ್ನು ಹೇಗೆ ಗುರುತಿಸುತ್ತಿದ್ದರು ಎಂದು ಕೇಳಿ ತಿಳಿದು, ವರ್ಷಾವಾಸ ಮುಗಿಯುವ ಹುಣ್ಣಿಮೆಗೆ ಎಲ್ಲರ ಮುಂದೆ ಹೇಳಬೇಕು.

ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ, ಆ ಸಂಘದಲ್ಲಿ ಒಂದೇ ಹೆಸರಿನವರು ಅಷ್ಟೊಂದು ಮಂದಿ ಎಂದು. ಕಸ್ಸಪ ಎಂಬ ಹೆಸರು ಸಿಕ್ಕವಳು ಅಳುವುದೊಂದು ಬಾಕಿ. ಜಟೆ ಬಿಟ್ಟ ಅಣ್ಣತಮ್ಮಂದಿರೇ ಮೂವರು ಕಸ್ಸಪರು, ಅವರಲ್ಲದೆ ಮಹಾಕಸ್ಸಪ, ಮತ್ತೆ ಕುಮಾರ ಕಸ್ಸಪ. ಭದ್ದಿಯರಲ್ಲಿ ಒಬ್ಬ ಶಾಕ್ಯರ ದೊಡ್ಡ ಮನೆತನದವನು, ಇನ್ನೊಬ್ಬ ಕುಳ್ಳ. ಜನ ಅವನನ್ನು ಕುಳ್ಳ ಭದ್ದಿಯ ಎಂದೇ ಕರೆಯುತ್ತಿದ್ದರಂತೆ. ನೋಡಿ ನಗುವವರು ನಗುತ್ತಿದ್ದರಂತೆ, ದನಿ ಮಾತ್ರ ಬಹಳ ಇಂಪು.

ನನಗೆ ಸಿಕ್ಕದ್ದು ಪುಣ್ಣ. ಒಬ್ಬ ಪುಣ್ಣ ಬ್ರಾಹ್ಮಣರ ಮಗ, ಧಮ್ಮ ಹೇಳುವುದರಲ್ಲಿ ಎಲ್ಲರಿಗಿಂತ ಮುಂದೆ. ಅವನನ್ನು ತಾಯಿಯ ಹೆಸರು ಸೇರಿಸಿ ಗುರುತಿಸುತ್ತಿದ್ದರು. ಇನ್ನೊಬ್ಬ ಪುಣ್ಣ ವ್ಯಾಪಾರಿ, ಸೋಪಾರದವನು. ಅದೇ ನಮ್ಮ ಸೋಪಾರಾ, ವಸಯಿಯ ಆಚೆಯ ಸ್ಟೇಷನ್ನು! ಇದನ್ನು ಕೇಳಿ ನನಗೆ ನಮ್ಮ ಲೋಕಲ್ಲಿನಲ್ಲೇ ಬುದ್ಧ ಹತ್ತಿದಷ್ಟು ಸಂಭ್ರಮ. ಮೂರನೆಯವಳು ಒಬ್ಬ ಶ್ರೀಮಂತನ ಮನೆಯ ದಾಸಿ. ಚಳಿಗಾಲದಲ್ಲೂ ಹೊಳೆಗಿಳಿದು ನೀರು ತರುವುದು ಅವಳ ಕೆಲಸ. ಪಾಪ ಕಳೆಯಲೆಂದು ನೀರಿನಲ್ಲಿ ನಡುಗುತ್ತ ಮುಳುಗುತ್ತಿದ್ದ ಒಬ್ಬ ಬ್ರಾಹ್ಮಣನಿಗೆ, ಹಾಗಾದರೆ ಮೀನು ಆಮೆಗಳಿಗೆ ಪಾಪವೇ ಇರಬಾರದಲ್ಲ ಎಂದು ನೆಟ್ಟಗೆ ಕೇಳಿದವಳು. ಅವಳೂ ಪುಣ್ಣಾ. ಅವಳೂ ಕೊನೆಗೆ ಎಲ್ಲರಂತೆ ಭಿಕ್ಷುಣಿಯಾಗಿ ಬಿಡುಗಡೆ ಕಂಡಳು.

ಇದನ್ನೆಲ್ಲ ನಾನು ಮನೆಗೆ ಬಂದು, ರೊಟ್ಟಿ ಬಡಿಯುತ್ತ ಕೂತ ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ನೀರು ತರಾಕಿನೂ ಪುಣ್ಣಾನ?"

"ಹೂಂ."

"ಮತ್ತ ಅಕಿನ ಹೆಸರು ಬದಲಿ ಮಾಡಲಿಲ್ಲೇನು? ಅಷ್ಟು ದೊಡ್ಡ ಸ್ವಾಮಿಗೂ ಅದಽ ಹೆಸರು ಇತ್ತಲ್ಲ."

"ಇಲ್ಲವ್ವ. ಯಾರ ಹೆಸರನ್ನೂ ಯಾರೂ ಕಸಗೊಂಡಿಲ್ಲ. ಗುರುತಿಗೆ ಹಿಂದ ಮುಂದ ಏನರೆ ಸೇರಸ್ತಿದ್ರು ಅಷ್ಟ. ಊರು, ತಾಯಿ ಹೆಸರು. ಒಬ್ಬಾಂವಗ ಕುಳ್ಳ ಅಂತ ಸೇರಿಸಿದ್ರು ನೋಡು, ಅದು ತಪ್ಪು."

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ನೀರು ಸವರಿದಳು. "ಕುಳ್ಳ ಅಂದ್ರೂ ಅಡ್ಡಿಯಿಲ್ಲ ತಗೊ. ಹೆಸರು ತನ್ನದಽ ಇತ್ತಲ್ಲ" ಎಂದಳು.

ಮೈಗೆ ಹತ್ತಿಕೊಳ್ಳುವುದಿಲ್ಲ ಅಂದವಳು ಆರು ವರ್ಷ ಇದನ್ನು ಒಳಗೇ ಇಟ್ಟುಕೊಂಡಿದ್ದಳು! ಮುಂದಿನ ರಜೆಯ ದಿನ ಅವ್ವನ ಜೊತೆ ಡೊಂಬಿವಲಿಗೆ ಹೋದೆ, ಸಹಾಯ ಮಾಡುವ ನೆಪದಲ್ಲಿ. ವೈನಿ ಅಡಿಗೆಮನೆಯಿಂದ ಆ ಇನ್ನೊಬ್ಬಳ ಹೆಸರು ಹಿಡಿದು ಕರೆದಳು, ಅವ್ವ ಬಚ್ಚಲಿನಿಂದ "ಬಂದ್ನಿ" ಅಂದಳು. ನನಗೆ ತಡೆಯಲಾಗಲಿಲ್ಲ.

"ವೈನೀ, ನಮ್ಮವ್ವನ ಹೆಸರು ಅದಲ್ಲ" ಎಂದೆ. ಪುಣ್ಣನ ಕಥೆಯನ್ನೂ ಗಡಗಡ ಹೇಳಿಬಿಟ್ಟೆ. ದಾಸಿಗೂ ದೊಡ್ಡವರಿಗೂ ಒಂದೇ ಹೆಸರಿತ್ತು, ಅದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ ಎಂದೆ.

ವೈನಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ನಕ್ಕಳು. "ಭಾಳ ಶಾಣ್ಯಾ ಆಗ್ಯಾಳ ನಿನ್ನ ಮಗಳು. ಅವರು ಸನ್ಯಾಸಿಗೋಳವಾ, ಅವರಿಗೆ ಅತ್ತಿ ಇಲ್ಲ ಮಾವ ಇಲ್ಲ. ನಮ್ಮದು ಸಂಸಾರ."

ಸಂಸಾರವಂತೆ! ಅವ್ವನದು ಸಂಸಾರ ಅಲ್ಲವೇ? ಅವ್ವನ ಚಹಾದ ಕಪ್ಪು ಬಾಲ್ಕನಿಯ ಕಟ್ಟೆಯ ಮೇಲೆ ಬೇರೆಯೇ ಬೋರಲು ಬಿದ್ದಿರುತ್ತಿತ್ತು, ಅದೂ ಅವರ ಸಂಸಾರದ ಪದ್ಧತಿ. ಒಳಕೋಣೆಯ ಬಾಗಿಲಲ್ಲಿ ಆ ಮನೆಯ ಅಜ್ಜಿ, ವೈನಿಯ ಅತ್ತೆ, ನಿಂತು ಎಲ್ಲ ಕೇಳಿಸಿಕೊಂಡಳು. ಜಪಮಣಿ ಎಣಿಸುತ್ತ ಒಳಗೆ ಹೋದಳು. ಅವ್ವ ಒದ್ದೆ ಕೈಯಲ್ಲೇ ನನ್ನ ರಟ್ಟೆ ಹಿಡಿದು ಹೊರಗೆ ಎಳೆದಳು. "ಹೊಟ್ಟೀ ಮ್ಯಾಲೆ ಹೊಡೀಬ್ಯಾಡ ನಂದು. ಈ ವಯಸ್ಸಿನ್ಯಾಗ ಇನ್ನೊಂದು ಮನಿ ಎಲ್ಲಿ ಹುಡುಕ್ಲಿ? ನಿನ್ನ ಕಥಿ ವಿಹಾರದಾಗ ಹೇಳು, ಇಲ್ಲಿ ಬ್ಯಾಡ."

ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇತ್ತು. ಶಾಲೆಯಿಂದ ಬರುವ ಹೊತ್ತಿಗೆ ಚಾಳಿನ ಮೂಲೆಯ ಟೆಲಿಫೋನ್ ಬೂತಿನವನು ನನ್ನನ್ನು ಕೂಗಿದ. ಡೊಂಬಿವಲಿಯಿಂದ ಫೋನ್ ಬಂದಿತ್ತಂತೆ. ದೀಪಾವಳಿಗೆ ಮುಂಚೆ ಅಟ್ಟದ ಪಾತ್ರೆ ಇಳಿಸುವಾಗ ಸ್ಟೂಲಿನಿಂದ ನಿನ್ನ ತಾಯಿ ಬಿದ್ದಿದ್ದಾಳೆ, ತಲೆಗೆ ಪೆಟ್ಟಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು. ಅಪ್ಪ ರಬಾಳೆಯಿಂದ ಬರುವುದು ಕತ್ತಲಾದ ಮೇಲೆ. ನಾನೊಬ್ಬಳೇ ಓಡಿದೆ.

ಡೊಂಬಿವಲಿಯ ಸರಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಅವ್ವನ ಹೆಸರು ಹೇಳಿದೆ. ಗುಮಾಸ್ತ ರಿಜಿಸ್ಟರಿನ ಮೇಲೆ ಬೆರಳಾಡಿಸಿ, "ಇಸ್ ನಾಮ್ ಕೀ ಕೋಈ ನಹೀ" ಎಂದ. ಮತ್ತೊಮ್ಮೆ ನೋಡಿ ಎಂದು ಬೇಡಿಕೊಂಡೆ. ನೋಡಿದ. ಇಲ್ಲ. ಹೆಂಗಸರ ವಾರ್ಡಿನ ಬಾಗಿಲಿಗೆ ಹೋದೆ, ಕಾವಲುಗಾರ ಒಳಗೆ ಬಿಡಲಿಲ್ಲ. ರಿಜಿಸ್ಟರಿನಲ್ಲಿ ಹೆಸರಿಲ್ಲದವರನ್ನು ನೋಡಲು ಬಂದವರಿಗೆ ಒಳಗೇನು ಕೆಲಸ ಎಂದ. ಹಾಗಾದರೆ ಖಾಸಗಿ ದವಾಖಾನೆಗೆ ಹಾಕಿರಬಹುದು ಎಂದುಕೊಂಡು ಸ್ಟೇಷನ್ ರಸ್ತೆಯ ಎರಡು ದವಾಖಾನೆ ಹತ್ತಿ ಇಳಿದೆ. ಅಲ್ಲಿಯೂ ಇಲ್ಲ. ಮತ್ತೆ ಆಸ್ಪತ್ರೆಗೇ ಬಂದೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಕನಿಕರದಿಂದ, ಹೆಸರು ಬರೆಸುವ ಮೊದಲೇ ಜೀವ ಹೋದವರನ್ನು ಹಿಂದಿನ ಕಟ್ಟಡದಲ್ಲಿ ಇಡುತ್ತಾರೆ, ಅಲ್ಲೂ ಒಮ್ಮೆ ಕೇಳು ಮಗಾ ಎಂದಳು.

ಆ ಇನ್ನೊಂದು ಹೆಸರು ನಿನಗೆ ನೆನಪಾಗಲಿಲ್ಲವೇ ಎಂದು ಆಮೇಲೆ ಎಷ್ಟೋ ಮಂದಿ ಕೇಳಿದ್ದಾರೆ. ಇಲ್ಲ, ನೆನಪಾಗಲಿಲ್ಲ. ನನ್ನ ಅವ್ವ ಸತ್ತಳೋ ಬದುಕಿದ್ದಾಳೋ ಎಂಬ ಹೊತ್ತಿನಲ್ಲಿ ಯಾರದೋ ಹೆಸರು ನನ್ನ ಬಾಯಿಗೆ ಯಾಕೆ ಬರಬೇಕು?

ಹಿಂದಿನ ಕಟ್ಟಡಕ್ಕೆ ಹೋಗುವ ಧೈರ್ಯವಾಗದೆ ವೈನಿಯ ಮನೆಗೆ ಓಡಿದೆ. ಆಸ್ಪತ್ರೆಯಲ್ಲಿ ಅವ್ವ ಇಲ್ಲ ಎಂದು ಅಳುತ್ತ ಹೇಳಿದೆ.

"ಇಲ್ಲಂದ್ರ? ನಮ್ಮವರಽ ಆಟೋದಾಗ ಕರಕೊಂಡು ಹೋಗಿ ಸೇರಿಸಿ ಬಂದಾರ. ಯಾವ ಹೆಸರು ಕೇಳಿದಿ?" ಎಂದಳು ವೈನಿ.

"ಅವ್ವನ ಹೆಸರು."

"ಅಯ್ಯ, ಅದನ್ನ ಹ್ಯಾಂಗ ಬರಸೋದವಾ? ನಮ್ಮತ್ತೀ ಹೆಸರು ಆಸ್ಪತ್ರಿ ರಿಜಿಸ್ಟರಿನ್ಯಾಗ, ಅದೂ ತಲಿ ಒಡದದ್ದು ಅಂತ! ಅಪಶಕುನ ಅಲ್ಲೇನು? ನಾವು ಕರಿಯೋ ಹೆಸರಽ ಬರಸ್ಯಾರ. ಬರೇ ಹೆಸರಿಂದ ಏನಾಗ್ತದ?"

ಏನಾಗ್ತದ! ನನ್ನವ್ವನ ತಲೆಯಿಂದ ನಿಜವಾದ ರಕ್ತ ಸುರಿಯುವಾಗ ಇವರಿಗೆ ತಮ್ಮ ಅತ್ತೆಯ ಹೆಸರಿಗೆ ತಗಲಬಹುದಾದ ರಕ್ತದ ಚಿಂತೆ. ಅದನ್ನೇ ಅವಳ ಮುಖಕ್ಕೆ ಹೇಳಿ ಬರಬೇಕಿತ್ತು. ಹೇಳಲಿಲ್ಲ, ಓಡಿದೆ.

ವಾರ್ಡಿನ ಬಾಗಿಲಲ್ಲಿ ಆ ದರಿದ್ರ ಹೆಸರನ್ನು ಹೇಳಿದ ಕೂಡಲೇ ಕಾವಲುಗಾರ ದಾರಿ ಬಿಟ್ಟ. ಅವ್ವ ಮೂಲೆಯ ಹಾಸಿಗೆಯಲ್ಲಿದ್ದಳು. ತಲೆಗೆ ಪಟ್ಟಿ, ಸೀರೆಯ ಸೆರಗೆಲ್ಲ ಒಣಗಿದ ರಕ್ತ. ಇಬ್ಬರು ವಾರ್ಡ್‌ಬಾಯ್‌ಗಳು ಅವಳನ್ನು ಸ್ಟ್ರೆಚರಿಗೆ ಎತ್ತಿಹಾಕುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. ಠಾಣೆ ಶಹರದ ದೊಡ್ಡ ಆಸ್ಪತ್ರೆಗೆ ಎಂದು ನರ್ಸ್ ಮರಾಠಿಯಲ್ಲಿ ಹೇಳಿದಳು. ತಲೆಯ ಒಳಗೆ ಏಟಾಗಿದೆ, ಬುದ್ಧಿ ಸ್ಥಿಮಿತದಲ್ಲಿಲ್ಲ, ತನ್ನ ಹೆಸರನ್ನೇ ಮರೆತಿದ್ದಾಳೆ.

ನಡೆದದ್ದು ಇಷ್ಟು. ತಲೆಗೆ ಪೆಟ್ಟು ಬಿದ್ದವರಿಗೆ ಎಚ್ಚರ ಇದೆಯೇ ಎಂದು ನೋಡಲು ಡಾಕ್ಟರು ಹೆಸರು ಕೇಳುತ್ತಾರೆ. ಅವ್ವನನ್ನೂ ಕೇಳಿದರು, "ನಾವ್ ಕಾಯ್ ತುಝ?" ಅವ್ವ ತನ್ನ ಹೆಸರು ಹೇಳಿದಳು. ಕೇಸ್ ಪೇಪರಿನಲ್ಲಿ ಬೇರೆ ಹೆಸರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರು, ಮತ್ತೆ ಅದನ್ನೇ ಹೇಳಿದಳು. ನರ್ಸ್ ಪೇಪರಿನ ಹೆಸರನ್ನು ಓದಿ, ಇದು ನೀನೇ ತಾನೇ ಎಂದು ಗದರಿಸಿದಳು. ಅವ್ವ ತಲೆ ಆಡಿಸಿ ಅಲ್ಲ ಎಂದಳು. ಎಷ್ಟು ಸಲ ಕೇಳಿದರೂ ಅಲ್ಲ ಅಂದಳು. ಆರು ವರ್ಷ ಆ ಹೆಸರಿಗೆ "ಬಂದ್ನಿ" ಅಂದವಳು ಅವತ್ತು ಅನ್ನಲಿಲ್ಲ. ಒಂದು ಸಲ ಹೂಂ ಅಂದಿದ್ದರೆ ಬುದ್ಧಿ ನೆಟ್ಟಗಿದೆ ಎಂದು ಬರೆಯುತ್ತಿದ್ದರು. ಸುಳ್ಳು ಹೇಳಿದ್ದರೆ ಜಾಣೆ, ನಿಜ ಹೇಳಿದ್ದಕ್ಕೆ ಹುಚ್ಚಿ!

ನಾನು ಸ್ಟ್ರೆಚರಿನ ಕಬ್ಬಿಣ ಹಿಡಿದುಕೊಂಡು ಕೂಗಾಡಿದೆ. ಇವಳು ನನ್ನ ಅವ್ವ, ಇವಳು ಹೇಳಿದ್ದೇ ಇವಳ ಹೆಸರು, ಬೇರೆ ಹೆಸರು ಇವಳಿಗೆ ಇಲ್ಲವೇ ಇಲ್ಲ ಎಂದೆ. ಡಾಕ್ಟರು ಬಂದರು. ಮಗಳ ಹೆಸರು, ಗಂಡ ಎಲ್ಲಿ ಕೆಲಸ, ಊರು ಯಾವುದು ಎಂದು ಅವ್ವನನ್ನು ಕೇಳಿದರು. ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟಳು. ನರ್ಸ್ ಪೇಪರ್ ಎತ್ತಿ ಹಿಡಿದು, ಹಾಗಾದರೆ ಇದು ಯಾರ ಹೆಸರು ಎಂದು ನನ್ನನ್ನು ಕೇಳಿದಳು.

"ಅವರ ಮನೆಯ ಪೊರಕೆಯದು" ಎಂದೆ.

ಡಾಕ್ಟರು ಆ ಹೆಸರಿನ ಮೇಲೆ ಗೆರೆ ಎಳೆದು ಅವ್ವನ ಹೆಸರು ಬರೆದರು, ಠಾಣೆಗೆ ಕಳಿಸುವುದನ್ನು ನಿಲ್ಲಿಸಿದರು. ಅರ್ಧ ಗಂಟೆ ತಡವಾಗಿದ್ದರೆ ಅವ್ವ ಇನ್ನೊಬ್ಬಳಾಗಿ ಠಾಣೆಗೆ ಹೋಗಿರುತ್ತಿದ್ದಳು. ಅಲ್ಲಿ ನಾನು ಯಾರನ್ನು ಹುಡುಕಬೇಕಿತ್ತು? ಅವ್ವ ನನ್ನ ಕೈ ಹಿಡಿದು, "ನಾ ಖರೇನಽ ಹೇಳಿದ್ನೆವಾ, ಅವರಽ ನಂಬಲಿಲ್ಲ" ಎಂದಳು. ಆಮೇಲೆ ನೀರು ಕೇಳಿದಳು.

ಮರುದಿನ ಮಧ್ಯಾಹ್ನ ಆ ಮನೆಯ ಅಜ್ಜಿ ಬಂದಳು. ಒಬ್ಬಳೇ, ಆಟೋ ಮಾಡಿಕೊಂಡು. ಕೈಯಲ್ಲಿ ಒಂದು ಡಬ್ಬಿ. ನಾನು ಎದ್ದು ಜಾಗ ಕೊಡಲಿಲ್ಲ. ಅವಳು ಹಾಸಿಗೆಯ ತುದಿಯಲ್ಲೇ ಕೂತಳು, ಅವ್ವನ ಕಾಲು ತಗಲುವಷ್ಟು ಹತ್ತಿರ.

"ಆ ಹೆಸರು ನಂದಲ್ಲವಾ" ಎಂದಳು, ಬಂದವಳೇ.

ಅವ್ವನಿಗೆ ತಿಳಿಯಲಿಲ್ಲ. ಅಜ್ಜಿ ನೆಲ ನೋಡುತ್ತ ಹೇಳಿದಳು, "ಲಗ್ನದಾಗ ತಾಟಿನ್ಯಾಗ ಅಕ್ಕಿ ಹರವಿ, ಉಂಗುರ ಹಿಡದು ನನ್ನ ಹೊಸ ಹೆಸರು ಬರದ್ರು. ಹದಿಮೂರು ವರ್ಷದಾಕಿ ನಾ. ಮರುದಿನಾನಽ ಆ ಅಕ್ಕಿ ಅನ್ನಾ ಮಾಡಿ ಉಂಡ್ರು, ಹೆಸರು ನನಗ ಉಳೀತು. ನಿಂದು ಹುಟ್ಟಿದ ಹೆಸರು. ನಂದು ಅವರು ಕೊಟ್ಟದ್ದು. ಅದರ ಮರ್ಯಾದಿ ಕಾಯಾಕ ಹೋಗಿ ನಿನ್ನ ಜೀವಕ್ಕ ಬಂತು."

ಅವ್ವ ಪಟ್ಟಿ ಕಟ್ಟಿದ ತಲೆಯನ್ನು ದಿಂಬಿನಿಂದ ಎತ್ತಿದಳು. "ಇರ್ಲಿ ಬಿಡ್ರಿ ಅಮ್ಮಾರ. ನನ್ನ ಮಗಳು ಹೇಳ್ತಿರ್ತಾಳ, ಪುಣ್ಣ ಅಂತ ಮೂರು ಮಂದಿ ಇದ್ರಂತ. ಮೂರೂ ಮಂದಿ ಕರಸ್ಕೊಂಡ್ರೂ ಹೆಸರೇನು ಸವೀಲಿಲ್ಲಂತ." ಮತ್ತೆ ಕೇಳಿದಳು, "ಹಂಗಾರ ನಿಮ್ಮ ಖರೇ ಹೆಸರೇನ್ರಿ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು. ಅವ್ವ ಆ ಹೆಸರು ಹಿಡಿದು, ಕೊನೆಗೆ ಮರ್ಯಾದೆಗೆ ಒಂದು ಅವ್ವಾರ ಸೇರಿಸಿ, ಕರೆದಳು. ಅಷ್ಟು ವಯಸ್ಸಾದ ಮುದುಕಿ ಸಣ್ಣ ಹುಡುಗಿಯ ಹಾಗೆ "ಓ" ಎಂದಳು. ಅವಳ ಕಣ್ಣಲ್ಲಿ ನೀರು ಬಂತು, ಅವ್ವನ ಕಣ್ಣಲ್ಲೂ ಬಂತು.

ನನ್ನ ಕಣ್ಣಲ್ಲಿ ಬರಲಿಲ್ಲ. ಇದನ್ನು ಆರು ವರ್ಷದ ಹಿಂದೆ ಹೇಳಲು ನಿನ್ನ ಬಾಯಿಗೇನಾಗಿತ್ತು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸೊಸೆ ದಿನಾ ಅವ್ವನನ್ನು ಇನ್ನೊಬ್ಬಳ ಹೆಸರಿನಿಂದ ಕೂಗುವಾಗ ಕೇಳಿಸಿಕೊಂಡು ಜಪಮಣಿ ಎಣಿಸುತ್ತ ಕೂತಿದ್ದವಳು ಇವಳೇ ಅಲ್ಲವೇ? ಅವ್ವ ಕ್ಷಮಿಸಿದಳು, ಅದು ಅವಳ ದೊಡ್ಡತನ. ಇದನ್ನು ಬರೆಯುತ್ತೇನೆ ಎಂದು ಹೇಳಿದಾಗಲೂ ಅವ್ವನಿಗೆ ಆ ಮುದುಕಿಯದೇ ಚಿಂತೆ. "ನನ್ನ ಹೆಸರು ಬರದ್ರ ಅವರಿಗೆ ಹಾಕಿದ ಹೆಸರೂ ಬರದಂಗಾತು. ಅದು ಅವರಿಗೆ ಬ್ಯಾಡಾದ ಹೆಸರು, ಬರೀಬ್ಯಾಡ" ಎಂದಳು. ಅದಕ್ಕೇ ಬರೆದಿಲ್ಲ.

ಹುಣ್ಣಿಮೆಯ ದಿನ ವಿಹಾರದಲ್ಲಿ ಮೂವರು ಪುಣ್ಣರ ಬಗ್ಗೆ ಮಾತಾಡಿದೆ. ಅವ್ವ ತಲೆಗೆ ಪಟ್ಟಿ ಕಟ್ಟಿಕೊಂಡೇ ಮುಂದಿನ ಸಾಲಿನಲ್ಲಿ ಕೂತು ಕೇಳಿದಳು.

ಅದಾಗಿ ಎರಡು ವಾರಕ್ಕೆ ವೈನಿ ನಮ್ಮ ಚಾಳಿಗೆ ಬಂದಳು. ಗಟಾರ ದಾಟಿ, ಸೀರೆ ಎತ್ತಿ ಹಿಡಿದುಕೊಂಡು. ಹೊಸದಾಗಿ ಬಂದವಳಿಗೆ ಕೆಲಸ ಬರುವುದಿಲ್ಲ, ನೀನೇ ಬಾ ಎಂದು ಕರೆಯಲು. ಅವ್ವನಿಗೆ ಕೆಲಸ ಬೇಕಿತ್ತು. ಅದು ನನಗೆ ಗೊತ್ತಿತ್ತು, ವೈನಿಗೂ ಗೊತ್ತಿತ್ತು.

"ಬರ್ತೀನ್ರಿ" ಎಂದಳು ಅವ್ವ. "ಏನಂತ ಕರೀತೀರಿ ಹೇಳ್ರಿ."

"ನೀ ಬಾ ಮೊದಲ. ಆಮ್ಯಾಲೆ ನೋಡೋಣಂತ."

"ಆಮ್ಯಾಲೆ ಬ್ಯಾಡ್ರಿ. ಇಲ್ಲಿ ನಿಮ್ಮತ್ತಿ ಇಲ್ಲ, ಯಾರೂ ಇಲ್ಲ. ಒಮ್ಮಿ ಕರೀರಿ. ನಿಮ್ಮ ಹಿಂದಽ ಬರ್ತೀನಿ."

ವೈನಿ ಬಾಯಿ ತೆರೆದಳು. ಅವಳ ತುಟಿ ಆ ಹೆಸರಿನ ಮೊದಲ ಅಕ್ಷರಕ್ಕೆ ಹೊಂದಿಕೊಂಡದ್ದನ್ನೂ ನಾನು ನೋಡಿದೆ. ಆದರೆ ದನಿ ಹೊರಡಲಿಲ್ಲ. ಸೆರಗು ಸರಿಮಾಡಿಕೊಂಡು, "ತಲಿ ಪೆಟ್ಟು ಇನ್ನೂ ಇಳದಿಲ್ಲ ನಿಂದು" ಎಂದು ಗಟಾರ ದಾಟಿ ಹೋದಳು.

ನಾನು ಬಾಗಿಲು ಹಾಕಲು ಹೋದೆ. ಅವ್ವ ಬಿಡಲಿಲ್ಲ. ಗಲ್ಲಿಯ ತಿರುವಿನಿಂದಾದರೂ ಕರೆದಾಳು ಎಂದು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು.